ಡಿಕ್ಲೇರ್ ಮಾಡದೆ ಬಳಸಬೇಡ, ಮಗು

ನೀನು ಪಿಎಚ್‌ಪಿಯಲ್ಲಿ ಕ್ಲಾಸ್ ಬರೆಯಲು ಹೊರಟಿದ್ದೀಯ ಎಂದು ಕೇಳಿ ಸಂತೋಷವಾಯಿತು. ಫಂಕ್ಷನ್‌ಗಳನ್ನು ಸಾಲಾಗಿ ಬರೆದು ಪುಟ ಓಡಿಸುವುದು ನಿನಗೆ ಈಗಾಗಲೇ ಕೈಗೆ ಹತ್ತಿದೆ. ಇನ್ನು ಮುಂದೆ ನೀನು ಬರೆದದ್ದನ್ನು ಬೇರೆಯವರು ಓದಬೇಕು, ತಿದ್ದಬೇಕು, ಅದರ ಮೇಲೆ ತಮ್ಮ ಕೆಲಸ ಕಟ್ಟಬೇಕು. ಅದಕ್ಕೇ ಒಂದು ಮಾತು ಕಿವಿಯಲ್ಲಿ ಹಾಕಿಬಿಡುತ್ತೇನೆ. ಕ್ಲಾಸಿನೊಳಗೆ ಬಳಸುವ ಪ್ರತಿ ವೇರಿಯಬಲ್ಲನ್ನೂ, ಅಂದರೆ ಪ್ರತಿ ಪ್ರಾಪರ್ಟಿಯನ್ನೂ, ಕ್ಲಾಸಿನ ತಲೆಯಲ್ಲೇ ಡಿಕ್ಲೇರ್ ಮಾಡು. ಅದರ ಹೆಸರೇನು, ಟೈಪ್ ಯಾವುದು, ಅದನ್ನು ಯಾರು ಮುಟ್ಟಬಹುದು, ಈ ಮೂರನ್ನೂ ಬರೆದ ಮೇಲೆಯೇ ಮೊದಲ ಮೆಥಡ್‌ಗೆ ಕೈ ಹಾಕು.

ಜಾವಾದಂಥ ಭಾಷೆಯಲ್ಲಿ ಈ ಮಾತು ಹೇಳಬೇಕಾದ ಅಗತ್ಯವೇ ಇಲ್ಲ. ಡಿಕ್ಲೇರ್ ಮಾಡದಿದ್ದರೆ ಅಲ್ಲಿ ಪ್ರೋಗ್ರಾಂ ಕಂಪೈಲೇ ಆಗುವುದಿಲ್ಲ. ಪಿಎಚ್‌ಪಿ ಹುಟ್ಟಿದ ದಾರಿ ಬೇರೆ. ರಾಸ್ಮಸ್ ಲೆರ್ಡಾರ್ಫ್ 1994ರಲ್ಲಿ ತಮ್ಮ ಸ್ವಂತ ವೆಬ್ ಪುಟಕ್ಕೆ ಬೇಕೆಂದು ಬರೆದುಕೊಂಡ ಸಣ್ಣ ಸಲಕರಣೆಗಳನ್ನು 1995ರಲ್ಲಿ ಎಲ್ಲರಿಗೂ ಕೊಟ್ಟರು. ಆ ಪಿಎಚ್‌ಪಿಯಲ್ಲಿ ಕ್ಲಾಸ್ ಎಂಬುದೇ ಇರಲಿಲ್ಲ. ಇಸ್ರೇಲಿನ ವಿದ್ಯಾರ್ಥಿಗಳಾಗಿದ್ದ ಝೀವ್ ಸುರಾಸ್ಕಿ ಮತ್ತು ಆಂಡಿ ಗುಟ್ಮನ್ಸ್ ಅದನ್ನು ಬುಡದಿಂದ ಮತ್ತೆ ಬರೆದರು; 1998ರಲ್ಲಿ ಪಿಎಚ್‌ಪಿ 3 ಹೊರಬಂದಾಗ ಕ್ಲಾಸ್ ಸಣ್ಣ ರೂಪದಲ್ಲಿ ಒಳಗೆ ಬಂತು. ಆಗ ಪ್ರಾಪರ್ಟಿಯ ಹಿಂದೆ ‘ವಾರ್’ ಎಂದು ಬರೆದರೆ ಮುಗಿಯಿತು. ಯಾರು ಬೇಕಾದರೂ ಓದಬಹುದು, ಯಾರು ಬೇಕಾದರೂ ಬದಲಿಸಬಹುದು. ಬರೆಯದೆ ಹೋದರೂ ನಡೆಯುತ್ತಿತ್ತು. 2004ರ ಜುಲೈನಲ್ಲಿ ಪಿಎಚ್‌ಪಿ 5 ಬಂದ ಮೇಲೆ ಪಬ್ಲಿಕ್, ಪ್ರೊಟೆಕ್ಟೆಡ್, ಪ್ರೈವೇಟ್ ಎಂಬ ಮೂರು ಹಂತಗಳಾದವು. ಹಳೆಯ ‘ವಾರ್’ ಇವತ್ತಿಗೂ ಕೆಲಸ ಮಾಡುತ್ತದೆ, ಅದರ ಅರ್ಥ ಪಬ್ಲಿಕ್ ಎಂದಷ್ಟೇ. ಹಳೆಯ ಪುಸ್ತಕದಲ್ಲೋ ಹಳೆಯ ಕೋಡ್‌ನಲ್ಲೋ ಅದನ್ನು ಕಂಡರೆ ಗುರುತಿಸು. ನೀನು ಮಾತ್ರ ಬರೆಯಬೇಡ.

ಡಿಕ್ಲೇರ್ ಮಾಡದಿದ್ದರೆ ಏನಾಗುತ್ತದೆ ಎಂಬುದನ್ನು ಹತ್ತಿರದಿಂದ ನೋಡೋಣ. ಎಪಿಎಂಸಿ ಮಾರುಕಟ್ಟೆಗೆ ಒಬ್ಬ ರೈತ ತೊಗರಿ ತಂದಿದ್ದಾನೆ ಎಂದುಕೋ. ಆ ಮಾಲಿಗೆ ನೀನು ‘ಲಾಟ್’ ಎಂಬ ಕ್ಲಾಸ್ ಬರೆಯುತ್ತೀಯ. ಲಾಟ್ ಸಂಖ್ಯೆ, ರೈತ, ಬೆಳೆ, ತೂಕ, ದರ, ಮೊತ್ತ, ಮಾರಾಟವಾದ ದಿನ, ಇಷ್ಟು ಪ್ರಾಪರ್ಟಿಗಳು. ಮೊತ್ತ ಮೊದಲಿಗೆ ಸೊನ್ನೆ. ಲೆಕ್ಕ ಮಾಡುವ ಮೆಥಡ್ ತೂಕವನ್ನೂ ದರವನ್ನೂ ಗುಣಿಸಿ ಮೊತ್ತದಲ್ಲಿ ಇಡಬೇಕು. ಆ ಸಾಲಿನಲ್ಲಿ ಮೊತ್ತ ಎಂಬ ಹೆಸರಿನ ಒಂದಕ್ಷರ ತಪ್ಪಿ ಬಿತ್ತು. ಪಿಎಚ್‌ಪಿ 8.1ರವರೆಗೂ ಇದಕ್ಕೆ ಯಾವ ತಕರಾರೂ ಇರಲಿಲ್ಲ. ತಪ್ಪಾಗಿ ಬರೆದ ಹೆಸರಿನಲ್ಲೇ ಹೊಸದೊಂದು ಪ್ರಾಪರ್ಟಿ ಸೃಷ್ಟಿಸಿ, ಗುಣಿಸಿದ ಹಣವನ್ನು ಅದರಲ್ಲಿ ತುಂಬಿ, ಸದ್ದಿಲ್ಲದೆ ಮುಂದೆ ಹೋಗುತ್ತಿತ್ತು. ಬಿಲ್ ಮುದ್ರಿಸುವ ಕಡೆ ನಿಜವಾದ ಮೊತ್ತವನ್ನು ಕೇಳಿದರೆ ಅಲ್ಲಿ ಇನ್ನೂ ಸೊನ್ನೆಯೇ. ಎರರ್ ಇಲ್ಲ, ವಾರ್ನಿಂಗ್ ಇಲ್ಲ, ಲಾಗ್‌ನಲ್ಲಿ ಒಂದು ಸಾಲೂ ಇಲ್ಲ. ಗುಣಾಕಾರ ಸರಿಯಾಗಿದೆ, ದರ ಸರಿಯಾಗಿದೆ, ತೂಕ ಸರಿಯಾಗಿದೆ, ಬಿಲ್ ಮಾತ್ರ ತಪ್ಪು. ಇಂಥ ತಪ್ಪು ಹುಡುಕಲು ಕೂತವರ ಇಡೀ ದಿನ ಹೋಗುತ್ತದೆ.

2022ರ ಡಿಸೆಂಬರಿನಲ್ಲಿ ಬಂದ 8.2 ಇದಕ್ಕೆ ಮೊದಲ ಕಡಿವಾಣ ಹಾಕಿತು. ಡಿಕ್ಲೇರ್ ಮಾಡದ ಪ್ರಾಪರ್ಟಿಗೆ ಬೆಲೆ, ಅಂದರೆ ವ್ಯಾಲ್ಯೂ, ಕೊಟ್ಟರೆ ಈಗ ಡೆಪ್ರಿಕೇಟೆಡ್ ಎಂಬ ಸೂಚನೆ ಬರುತ್ತದೆ. ಕೆಲಸವೇನೂ ನಿಲ್ಲುವುದಿಲ್ಲ, ಸೂಚನೆ ಮಾತ್ರ. ಮುಂದಿನ ದೊಡ್ಡ ಆವೃತ್ತಿ 9ರಲ್ಲಿ ಅದು ಎರರ್ ಆಗಲಿದೆ ಎಂಬ ತೀರ್ಮಾನವೂ ಜೊತೆಗೇ ಆಗಿದೆ. ಎಸ್‌ಟಿಡಿಕ್ಲಾಸ್ ಎಂಬ ಖಾಲಿ ಕ್ಲಾಸಿಗೆ ಈ ನಿಯಮವಿಲ್ಲ. ಜೇಸನ್ ಓದಿದಾಗ ಸಿಗುವ ಆಬ್ಜೆಕ್ಟ್ ಅದೇ ತಾನೆ, ಅದರಲ್ಲಿ ಏನು ಬರುತ್ತದೆಂದು ಮೊದಲೇ ಗೊತ್ತಿರುವುದಿಲ್ಲ.

ಹೆಸರಿನ ವಿಷಯ ಬಂತಲ್ಲ, ಇಲ್ಲಿ ನಮ್ಮ ಭಾಷೆಯವರಿಗೇ ಇರುವ ಒಂದು ತೊಡಕಿದೆ, ಸ್ವಲ್ಪ ನಿಂತು ಕೇಳು. ನಮ್ಮ ಹುಡುಗರು ಪ್ರಾಪರ್ಟಿಗೆ ಕನ್ನಡ ಪದವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆಯುವುದು ಸಾಮಾನ್ಯ. ಬಿ, ಇ, ಎಲ್, ಇ ಎಂದು ಬರೆದರೆ ಅದು ಬೆಲೆಯೋ, ಬೆಳೆಯೋ, ಬೇಳೆಯೋ? ತೊಗರಿ ಮಾರುಕಟ್ಟೆಯ ತಂತ್ರಾಂಶದಲ್ಲಿ ಈ ಮೂರೂ ಬೇಕಾಗುತ್ತವೆ. ಒಬ್ಬ ಬೆಳೆಗೆ ಎಲ್ ಅನ್ನು ದೊಡ್ಡಕ್ಷರ ಮಾಡುತ್ತಾನೆ, ಇನ್ನೊಬ್ಬ ಬೇಳೆಗೆ ಎರಡು ಇ ಹಾಕುತ್ತಾನೆ, ಮೂರನೆಯವನಿಗೆ ಇದೊಂದೂ ಗೊತ್ತಿಲ್ಲ. ಪಿಎಚ್‌ಪಿಯಲ್ಲಿ ಕ್ಲಾಸಿನ ಹೆಸರಿಗೆ ಸಣ್ಣಕ್ಷರ, ದೊಡ್ಡಕ್ಷರ ಒಂದೇ. ವೇರಿಯಬಲ್‌ಗೆ, ಪ್ರಾಪರ್ಟಿಗೆ ಹಾಗಲ್ಲ, ಎರಡೂ ಬೇರೆ ಬೇರೆ. ಹಾಗಾಗಿ ದೊಡ್ಡ ಎಲ್‌ನ ಹೆಸರು ಒಂದು ಪ್ರಾಪರ್ಟಿ, ಸಣ್ಣ ಎಲ್‌ನದು ಮತ್ತೊಂದು.

ಕನ್ನಡ ಲಿಪಿಯಲ್ಲೇ ಬರೆದರೆ ಆಗದೇ ಎಂದು ಕೇಳಬಹುದು. ಆಗುತ್ತದೆ. ಆಸ್ಕಿಯಿಂದ ಆಚೆಗಿನ ಬೈಟ್‌ಗಳನ್ನು ಹೆಸರಿನಲ್ಲಿ ಬಳಸಲು ಪಿಎಚ್‌ಪಿ ಬಿಡುತ್ತದೆ. ಡಾಲರ್ ಚಿಹ್ನೆ ಹಾಕಿ ಮುಂದೆ ‘ಮೊತ್ತ’ ಎಂದು ಕನ್ನಡದಲ್ಲೇ ಬರೆ, ಫೈಲ್ ಓಡುತ್ತದೆ. ಆದರೆ ‘ಮೊ’ ಎಂಬ ಅಕ್ಷರವನ್ನು ಯುನಿಕೋಡ್‌ನಲ್ಲಿ ಎರಡು ಬಗೆಯಲ್ಲಿ ಕೂಡಿಸಬಹುದು. ಒಕಾರಕ್ಕೆಂದೇ ಇರುವ ಒಂದು ಸಂಕೇತ ಹಾಕಬಹುದು, ಇಲ್ಲವೇ ಎಕಾರದ ಗುರುತು ಮತ್ತು ಊಕಾರದ ಗುರುತು ಎರಡನ್ನೂ ಒಂದರ ಹಿಂದೊಂದು ಇಡಬಹುದು. ಪರದೆಯ ಮೇಲೆ ಎರಡೂ ಒಂದೇ ತರಹ ಕಾಣುತ್ತವೆ. ಪಿಎಚ್‌ಪಿ ಬೈಟ್‌ಗಳನ್ನಷ್ಟೇ ಹೋಲಿಸುವುದರಿಂದ ಅದಕ್ಕೆ ಇವು ಎರಡು ಹೆಸರು. ‘ಲಾಟ್‌ಸಂಖ್ಯೆ’ಯ ನಡುವೆ ಕಣ್ಣಿಗೆ ಕಾಣದೆ ಕೂತು, ಅಕ್ಷರಗಳು ಒತ್ತಕ್ಷರವಾಗದಂತೆ ತಡೆಯುವ ಸಂಕೇತವಾದ ಝಡ್‌ಡಬ್ಲ್ಯೂಎನ್‌ಜೆ ಕೂಡ ಹೀಗೇ. ಒಬ್ಬರ ಕೀಲಿಮಣೆ ಹಾಕುತ್ತದೆ, ಇನ್ನೊಬ್ಬರದು ಹಾಕುವುದಿಲ್ಲ. ನನ್ನ ಸಲಹೆ ಇಷ್ಟು: ತಂಡದಲ್ಲಿ ಕೆಲಸ ಮಾಡುವಾಗ ಸರಳ ಇಂಗ್ಲಿಷ್ ಹೆಸರು ಇಟ್ಟು, ಯಾವುದಕ್ಕೆ ಯಾವ ಪದ ಎಂಬ ಪಟ್ಟಿಯೊಂದನ್ನು ಒಪ್ಪಿಕೊಂಡುಬಿಡಿ. ನಿನ್ನದೇ ಕಲಿಕೆಗಾದರೆ ಕನ್ನಡ ಲಿಪಿಯಲ್ಲೇ ಧೈರ್ಯವಾಗಿ ಬರೆ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುವುದು ಮಾತ್ರ ಬೇಡವೇ ಬೇಡ. ಯಾವ ದಾರಿ ಹಿಡಿದರೂ ಮೇಲೆ ಡಿಕ್ಲೇರ್ ಮಾಡಿದ ಹೆಸರೊಂದು ಇದ್ದರೆ, ಅದಕ್ಕೆ ಹೊಂದದ ಹೆಸರು ಕೆಳಗೆ ಬಂದ ಕೂಡಲೇ ಎಡಿಟರ್ ಗೆರೆ ಎಳೆದು ತೋರಿಸುತ್ತದೆ.

ಇನ್ನು ಟೈಪ್. ಪ್ರಾಪರ್ಟಿಗೆ ಟೈಪ್ ಬರೆಯುವ ಸೌಲಭ್ಯ 2019ರ ನವೆಂಬರಿನಲ್ಲಿ 7.4ರ ಜೊತೆ ಬಂತು. ಅದಕ್ಕೂ ಮೊದಲು ಕಾಮೆಂಟಿನಲ್ಲಿ ಬರೆದಿಡುತ್ತಿದ್ದೆವು, ಕಾಮೆಂಟನ್ನು ಪಿಎಚ್‌ಪಿ ನೋಡುತ್ತಿರಲಿಲ್ಲ. ಈಗ ತೂಕಕ್ಕೆ ಇಂಟ್ ಎಂದು ಬರೆದಿದ್ದರೆ ಅದರೊಳಗೆ ‘ನಾಲ್ಕು’ ಎಂಬ ಪದ ಬಂದು ಕೂರಲಾರದು, ಟೈಪ್‌ಎರರ್ ಬಂದು ಅಲ್ಲೇ ನಿಲ್ಲುತ್ತದೆ. ಫಾರಂನಿಂದ ಬರುವುದೆಲ್ಲ ಸ್ಟ್ರಿಂಗ್ ಎಂಬುದನ್ನು ಮರೆಯಬೇಡ. ಸಾಮಾನ್ಯ ಸ್ಥಿತಿಯಲ್ಲಿ ‘450’ ಎಂಬ ಸ್ಟ್ರಿಂಗನ್ನು ಪಿಎಚ್‌ಪಿ ತಾನೇ ಸಂಖ್ಯೆಯಾಗಿ ಬದಲಿಸಿಕೊಳ್ಳುತ್ತದೆ. ಫೈಲಿನ ಮೊದಲ ಸಾಲಿನಲ್ಲಿ ಸ್ಟ್ರಿಕ್ಟ್ ಟೈಪ್ಸ್ ಒಂದು ಎಂದು ಡಿಕ್ಲೇರ್ ಮಾಡಿದರೆ ಹಾಗೆ ಬದಲಿಸದೆ ತಡೆಯುತ್ತದೆ. ಹೊಸ ಫೈಲ್ ತೆರೆದಾಗಲೆಲ್ಲ ಆ ಸಾಲು ಬರೆ. ಸ್ಟ್ರಿಂಗನ್ನು ಸಂಖ್ಯೆ ಮಾಡುವ ಕೆಲಸ ಫಾರಂ ಓದುವ ಜಾಗದಲ್ಲಿ, ನಿನ್ನ ಕಣ್ಣೆದುರು ನಡೆಯಲಿ.

ಹಣಕ್ಕೆ ಫ್ಲೋಟ್ ಬಳಸಬೇಡ. ಸೊನ್ನೆ ದಶಾಂಶ ಒಂದಕ್ಕೆ ಸೊನ್ನೆ ದಶಾಂಶ ಎರಡು ಕೂಡಿಸಿದರೆ ಕಂಪ್ಯೂಟರಿನ ಫ್ಲೋಟ್‌ನಲ್ಲಿ ಸರಿಯಾಗಿ ಸೊನ್ನೆ ದಶಾಂಶ ಮೂರು ಬರುವುದಿಲ್ಲ, ಬಾಲದಲ್ಲಿ ಒಂದು ಚೂರು ಉಳಿಯುತ್ತದೆ. ಆ ಚೂರು ಸಾವಿರಾರು ಬಿಲ್‌ಗಳಲ್ಲಿ ಸೇರಿದರೆ ಲೆಕ್ಕ ತಾಳೆಯಾಗುವುದಿಲ್ಲ. ದರವನ್ನು ಪೈಸೆಯಲ್ಲಿ, ತೂಕವನ್ನು ಕಿಲೋ ಅಥವಾ ಗ್ರಾಂನಲ್ಲಿ ಪೂರ್ಣಾಂಕವಾಗಿಯೇ ಇಡು, ಟೈಪ್ ಇಂಟ್ ಎಂದೇ ಬರೆ. ಪ್ರಾಪರ್ಟಿಯ ಹೆಸರಿನಲ್ಲೇ ‘ದರ ಪೈಸೆಯಲ್ಲಿ’, ‘ತೂಕ ಕಿಲೋದಲ್ಲಿ’ ಎಂದು ಸೇರಿಸಿಬಿಡು. ಕ್ವಿಂಟಾಲೋ ಕಿಲೋವೋ ಎಂಬ ಗೊಂದಲ ಒಂದು ಸಲ ಹೊಕ್ಕರೆ ರೈತನ ಕೈಗೆ ಬರುವ ದುಡ್ಡು ನೂರು ಪಟ್ಟು ಏರುಪೇರಾಗುತ್ತದೆ. ಇದನ್ನು ಸಣ್ಣ ವಿಷಯ ಎಂದುಕೊಳ್ಳಬೇಡ.

ಟೈಪ್ ಬರೆದ ಪ್ರಾಪರ್ಟಿಗೆ ಆರಂಭದ ಬೆಲೆ ಕೊಡದಿದ್ದರೆ ಅದು ನಲ್ ಆಗುವುದಿಲ್ಲ, ಬೆಲೆಯೇ ಇಲ್ಲದ ಸ್ಥಿತಿಯಲ್ಲಿ ಇರುತ್ತದೆ. ಬೆಲೆ ತುಂಬುವ ಮುಂಚೆ ಓದಲು ಹೋದರೆ ಎರರ್. ಹೊಸಬರಿಗೆ ಇದು ಕಿರಿಕಿರಿ ಅನಿಸುತ್ತದೆ. ಟೈಪ್ ಇಲ್ಲದ ಪ್ರಾಪರ್ಟಿಯಾದರೆ ಮೊದಲಿಗೆ ನಲ್ ಇರುತ್ತದೆ, ನಲ್‌ಗೆ ಐದು ಕೂಡಿಸಿದರೆ ಪಿಎಚ್‌ಪಿ ಮಾತಾಡದೆ ಐದು ಎನ್ನುತ್ತದೆ. ತೂಕವೇ ತುಂಬದ ಲಾಟ್ ಒಟ್ಟು ಲೆಕ್ಕದೊಳಗೆ ಸೊನ್ನೆಯಾಗಿ ನುಸುಳಿಕೊಳ್ಳುತ್ತದೆ. ಅದಕ್ಕಿಂತ ಎರರ್ ಬಂದು ನಿಲ್ಲುವುದೇ ವಾಸಿ. ಆದ್ದರಿಂದ ಎರರ್ ತಪ್ಪಿಸಲೆಂದು ಎಲ್ಲದರ ಟೈಪಿಗೂ ಪ್ರಶ್ನಾರ್ಥಕ ಚಿಹ್ನೆ ಹಾಕಿ ನಲ್‌ಗೆ ಬಾಗಿಲು ತೆರೆಯಬೇಡ. ನಮ್ಮ ಲಾಟ್‌ನಲ್ಲಿ ನಿಜವಾಗಿ ನಲ್ ಆಗಬಹುದಾದದ್ದು ಒಂದೇ, ಮಾರಾಟವಾದ ದಿನ. ಮಾಲು ಇನ್ನೂ ಮಾರಾಟವಾಗಿಲ್ಲ ಎಂಬುದು ನಿಜವಾದ ಸಂಗತಿ, ಅದನ್ನು ನಲ್ ಹೇಳುತ್ತದೆ. ತೂಕವಿಲ್ಲದ ಲಾಟ್ ಎಂಬುದೇ ಇಲ್ಲ. ತೂಕ, ಆಬ್ಜೆಕ್ಟ್ ಹುಟ್ಟುವಾಗ ಓಡುವ ಕನ್‌ಸ್ಟ್ರಕ್ಟರಿನಲ್ಲೇ ತುಂಬಿರಬೇಕು.

ಯಾರು ಮುಟ್ಟಬಹುದು ಎಂಬ ಮಾತಿಗೆ ಬರೋಣ. ಮೊದಲು ಪ್ರೈವೇಟ್ ಎಂದೇ ಬರೆ. ಬೇಕಾದರೆ ಮುಂದೆ ಸಡಿಲಿಸಬಹುದು. ಪಬ್ಲಿಕ್ ಮಾಡಿದ್ದನ್ನು ಹತ್ತಾರು ಫೈಲ್‌ಗಳು ಬಳಸತೊಡಗಿದ ಮೇಲೆ ಬಿಗಿ ಮಾಡುವುದು ಬಹಳ ಕಷ್ಟ. ದರ ಪಬ್ಲಿಕ್ ಆಗಿದ್ದರೆ ಅದನ್ನು ಬದಲಿಸಿದ ಸಾಲು ಯಾವುದು ಎಂದು ಇಡೀ ಪ್ರಾಜೆಕ್ಟ್ ಜಾಲಾಡಬೇಕು. ಪ್ರೈವೇಟ್ ಆಗಿದ್ದರೆ ಆ ಸಾಲು ಸಾಮಾನ್ಯವಾಗಿ ಇದೇ ಫೈಲಿನಲ್ಲಿ ಇರುತ್ತದೆ. ಟೆಂಡರಿನಲ್ಲಿ ದರ ನಿಂತಾಗ ಅದನ್ನು ದಾಖಲಿಸಲು ಒಂದು ಮೆಥಡ್ ಇರಲಿ. ಸೊನ್ನೆಗಿಂತ ಕಡಿಮೆ ದರವನ್ನು, ಆಗಲೇ ಮಾರಾಟವಾದ ಲಾಟ್‌ನ ದರ ತಿದ್ದುವುದನ್ನು ಆ ಮೆಥಡ್ ತಡೆಯುತ್ತದೆ. ಪ್ರೊಟೆಕ್ಟೆಡ್ ಎಂಬುದನ್ನು, ಈ ಕ್ಲಾಸನ್ನು ಯಾರಾದರೂ ವಿಸ್ತರಿಸಲೇಬೇಕು ಎಂಬ ಕಾರಣ ಕೈಯಲ್ಲಿದ್ದಾಗ ಮಾತ್ರ ಬಳಸು. ‘ಇರಲಿ, ಮುಂದೆ ಬೇಕಾಗಬಹುದು’ ಎಂಬುದು ಕಾರಣವಲ್ಲ.

ಲಾಟ್ ಸಂಖ್ಯೆ ಮತ್ತು ರೈತ ಒಮ್ಮೆ ಬರೆದ ಮೇಲೆ ಬದಲಾಗಬಾರದು. 2021ರಲ್ಲಿ 8.1 ತಂದ ರೀಡ್‌ಓನ್ಲಿ ಇದಕ್ಕೇ ಇರುವುದು. ಕ್ಲಾಸಿನ ಒಳಗಿನಿಂದ ಒಂದೇ ಸಲ ಬೆಲೆ ತುಂಬಬಹುದು, ಎರಡನೇ ಸಲ ಪ್ರಯತ್ನಿಸಿದರೆ ಎರರ್. ಅದಕ್ಕೆ ಟೈಪ್ ಕಡ್ಡಾಯ, ಡಿಕ್ಲೇರ್ ಮಾಡುವ ಸಾಲಿನಲ್ಲೇ ಬೆಲೆ ಕೊಡುವಂತಿಲ್ಲ. ಇಂಥ ಪ್ರಾಪರ್ಟಿ ಪಬ್ಲಿಕ್ ಇದ್ದರೂ ಚಿಂತೆಯಿಲ್ಲ, ಎಲ್ಲರೂ ಓದಲಿ. ಒಂದು ಎಚ್ಚರ ಬೇಕು. ರೀಡ್‌ಓನ್ಲಿ ಪ್ರಾಪರ್ಟಿಯೊಳಗೆ ಇನ್ನೊಂದು ಆಬ್ಜೆಕ್ಟ್ ಇಟ್ಟರೆ, ಆ ಆಬ್ಜೆಕ್ಟಿನ ಒಳಗಿರುವುದಕ್ಕೆ ಈ ಕಾವಲು ಇಲ್ಲ. ಮಾಲು ಬಂದ ದಿನವನ್ನು ಡೇಟ್‌ಟೈಮ್ ಆಗಿ ಇಟ್ಟರೆ ಬೇರೆ ಯಾರೋ ಅದರ ಮೇಲೆ ಮಾಡಿಫೈ ಕರೆದು ದಿನವನ್ನೇ ಮುಂದೂಡಬಹುದು. ಅದರ ಬದಲು ಡೇಟ್‌ಟೈಮ್‌ಇಮ್ಯೂಟಬಲ್ ಬಳಸು. 2024ರ ನವೆಂಬರಿನಲ್ಲಿ ಬಂದ 8.4ರಲ್ಲಿ ಓದಲು ಪಬ್ಲಿಕ್, ಬರೆಯಲು ಪ್ರೈವೇಟ್ ಎಂದು ಒಂದೇ ಸಾಲಿನಲ್ಲಿ ಹೇಳುವ ಅನುಕೂಲವೂ ಆಗಿದೆ. ದರಕ್ಕೆ ಅದು ಹೇಳಿ ಮಾಡಿಸಿದಂತಿದೆ.

ಡಾಲರ್ ಚಿಹ್ನೆ ಎಲ್ಲಿ ಬೇಕು, ಎಲ್ಲಿ ಬೇಡ ಎಂಬುದು ಬೆರಳಿಗೆ ಕೂರುವವರೆಗೂ ಗಮನವಿಡು. ಡಿಕ್ಲೇರ್ ಮಾಡುವಾಗ ಹೆಸರಿನ ಹಿಂದೆ ಡಾಲರ್ ಇರುತ್ತದೆ. ಡಾಲರ್ ದಿಸ್ ಬರೆದು ಬಾಣದ ಗುರುತು ಹಾಕಿ ಅದೇ ಪ್ರಾಪರ್ಟಿಯನ್ನು ಬಳಸುವಾಗ ಹೆಸರಿನ ಹಿಂದೆ ಡಾಲರ್ ಇರಬಾರದು. ಅಲ್ಲೂ ಹಾಕಿದರೆ ಅದು ಸಿಂಟ್ಯಾಕ್ಸ್ ತಪ್ಪಲ್ಲ, ಅರ್ಥವೇ ಬೇರೆಯಾಗುತ್ತದೆ. ಬಾಣದ ಮುಂದೆ ಡಾಲರ್ ಹಾಕಿ ಬೆಳೆ ಎಂದು ಬರೆದು, ಮೆಥಡ್ ಒಳಗಿನ ಬೆಳೆ ಎಂಬ ವೇರಿಯಬಲ್ಲಿನಲ್ಲಿ ‘ತೊಗರಿ’ ಎಂದಿದ್ದರೆ, ಪಿಎಚ್‌ಪಿ ‘ತೊಗರಿ’ ಎಂಬ ಹೆಸರಿನ ಪ್ರಾಪರ್ಟಿಯನ್ನು ಹುಡುಕುತ್ತದೆ. ಒಂದೊಂದು ಆಬ್ಜೆಕ್ಟಿಗಲ್ಲ, ಇಡೀ ಕ್ಲಾಸಿಗೇ ಸೇರಿದ ಸ್ಟ್ಯಾಟಿಕ್ ಪ್ರಾಪರ್ಟಿಗೆ ಇದು ತಿರುಗುಮುರುಗು: ಸೆಲ್ಫ್ ಬರೆದು ಎರಡು ಕೋಲನ್ ಹಾಕಿದ ಮೇಲೆ ಡಾಲರ್ ಬೇಕೇ ಬೇಕು. ಕಾನ್‌ಸ್ಟಂಟ್‌ಗೆ ಎಲ್ಲೂ ಡಾಲರ್ ಇಲ್ಲ. ಹಳೆಯ ಸರ್ವರಿನಲ್ಲಿ ಎರಡು ಕೋಲನ್‌ನ ಜಾಗ ತಪ್ಪಿದಾಗ ‘ಪಾಮಯಿಮ್ ನೆಕುದೋತಾಯಿಮ್’ ಎಂಬ ಹೆಸರು ಎರರ್‌ನಲ್ಲಿ ಕಂಡರೆ ಗಾಬರಿಯಾಗಬೇಡ. ಅದು ಆ ಗುರುತಿಗೆ ಇಟ್ಟ ಹೀಬ್ರೂ ಹೆಸರು.

ಸ್ಟ್ಯಾಟಿಕ್ ಬಗ್ಗೆ ನನಗೆ ಬಿಗಿಯಾದ ಅಭಿಪ್ರಾಯವಿದೆ. ಇವತ್ತು ಎಷ್ಟು ಲಾಟ್ ಬಂತು ಎಂದು ಎಣಿಸಲು ಹೊಸಬರು ಸ್ಟ್ಯಾಟಿಕ್ ಪ್ರಾಪರ್ಟಿ ಇಡುತ್ತಾರೆ. ಪಿಎಚ್‌ಪಿ ಮಾಮೂಲಿಯಾಗಿ ಓಡುವಾಗ ಪ್ರತಿ ರಿಕ್ವೆಸ್ಟಿಗೂ ಎಲ್ಲವೂ ಹೊಸದಾಗಿ ಶುರುವಾಗುತ್ತದೆ. ಪುಟ ಕೊಟ್ಟು ಮುಗಿದ ಕೂಡಲೇ ಸ್ಟ್ಯಾಟಿಕ್ ಬೆಲೆಯೂ ಹೋಯಿತು. ಎಣಿಕೆ ಡೇಟಾಬೇಸಿನಲ್ಲಿ ಇರಬೇಕು. ಇದಕ್ಕಿಂತ ಅಪಾಯದ ವಿಷಯ ಇನ್ನೊಂದಿದೆ. ಸ್ವೂಲ್, ಫ್ರ್ಯಾಂಕೆನ್‌ಪಿಎಚ್‌ಪಿಯಂಥವುಗಳಲ್ಲಿ ಒಂದೇ ಪ್ರೋಸೆಸ್ ಉಳಿದುಕೊಂಡು ಹಲವು ರಿಕ್ವೆಸ್ಟ್ ನಡೆಸುವ ವ್ಯವಸ್ಥೆಯಿದೆ. ಅಲ್ಲಿ ಸ್ಟ್ಯಾಟಿಕ್ ಬೆಲೆ ಅಳಿಯುವುದಿಲ್ಲ, ಹಿಂದಿನ ಬಳಕೆದಾರರ ವಿವರ ಮುಂದಿನವರ ಪುಟಕ್ಕೆ ಸೋರಬಹುದು. ಬಳಕೆದಾರರಿಗೆ ಸೇರಿದ ಯಾವುದನ್ನೂ ಸ್ಟ್ಯಾಟಿಕ್‌ನಲ್ಲಿ ಇಡಬೇಡ. ಕಾನ್‌ಸ್ಟಂಟ್ ಎಂದು ಬರೆಯುವಾಗಲೂ ಯೋಚಿಸು. ಒಂದು ಕ್ವಿಂಟಾಲಿಗೆ 100 ಕಿಲೋ ಎಂಬುದು ಕಾನ್‌ಸ್ಟಂಟ್. ಮಾರುಕಟ್ಟೆ ಶುಲ್ಕ ಎಷ್ಟು ಎಂಬುದು ಅಲ್ಲ, ಅದು ಸರ್ಕಾರದ ಆದೇಶದಿಂದ ಬದಲಾಗುವಂಥದ್ದು.

ಕನ್‌ಸ್ಟ್ರಕ್ಟರಿನ ಆವರಣದೊಳಗೇ ಪ್ರಾಪರ್ಟಿ ಡಿಕ್ಲೇರ್ ಮಾಡುವ ಪ್ರಮೋಶನ್ ಎಂಬ ರೀತಿ 2020ರಲ್ಲಿ 8.0ರ ಜೊತೆ ಬಂತು. ಟೈಪಿಂಗ್ ಉಳಿಯುತ್ತದೆ ನಿಜ. ಲಾಟ್‌ನಂಥ ಸಣ್ಣ ಕ್ಲಾಸಿಗೆ ಚೆನ್ನ. ಒಂದು ಕ್ಲಾಸಿನಲ್ಲಿ ಕೆಲವು ಆವರಣದೊಳಗೆ, ಕೆಲವು ಮೇಲೆ ಎಂದು ಚದುರಿದರೆ ಓದುವವರು ಎರಡು ಕಡೆ ನೋಡಬೇಕಾಗುತ್ತದೆ. ಹಾಗಾಗುವ ಜಾಗದಲ್ಲಿ ಎಲ್ಲವನ್ನೂ ಮೇಲೆಯೇ ಬರೆ. ಅರೇ ಎಂದು ಟೈಪ್ ಬರೆದರೆ ಅದರಲ್ಲಿ ಏನಿದೆ ಎಂದು ತಿಳಿಯುವುದಿಲ್ಲ. ಅದರ ಮೇಲೆ ಒಂದು ಸಾಲು ಕಾಮೆಂಟಿನಲ್ಲಿ ‘ಲಾಟ್‌ಗಳ ಪಟ್ಟಿ’ ಎಂದು ಸರಿಯಾದ ರೂಪದಲ್ಲಿ ಬರೆದಿಡು. ಪಿಎಚ್‌ಪಿಸ್ಟ್ಯಾನ್ ಎಂಬ ಸಾಧನ ಅದನ್ನು ಓದಿ ತಪ್ಪು ಹಿಡಿಯುತ್ತದೆ. ಒಂದು ಫೈಲಿಗೆ ಒಂದೇ ಕ್ಲಾಸ್, ಒಂದು ಸಾಲಿಗೆ ಒಂದೇ ಪ್ರಾಪರ್ಟಿ, ಪ್ರತಿಯೊಂದಕ್ಕೂ ಪಬ್ಲಿಕ್ಕೋ ಪ್ರೈವೇಟೋ ಎಂಬುದು ಎದ್ದು ಕಾಣಬೇಕು. ಈ ರೂಢಿಗಳು ಪಿಎಸ್‌ಆರ್ ಎಂಬ ಒಪ್ಪಂದದ ನಿಯಮಗಳಲ್ಲೂ ಇವೆ.

ಇಷ್ಟೆಲ್ಲ ಯಾಕೆ ಎಂದರೆ, ಪಿಎಚ್‌ಪಿಯಲ್ಲಿ ಬರೆದದ್ದು ಬಹಳ ಕಾಲ ಬದುಕುತ್ತದೆ. 2003ರಲ್ಲಿ ಹೊರಬಂದ ವರ್ಡ್‌ಪ್ರೆಸ್ ಇವತ್ತಿಗೂ ಜಗತ್ತಿನ ಲೆಕ್ಕವಿಲ್ಲದಷ್ಟು ತಾಣಗಳನ್ನು ನಡೆಸುತ್ತಿದೆ. ನೀನು ದಿನಾ ತೆರೆಯುವ ಕನ್ನಡ ವಿಕಿಪೀಡಿಯ ಓಡುವುದು ಮೀಡಿಯಾವಿಕಿಯ ಮೇಲೆ, ಅದೂ ಪಿಎಚ್‌ಪಿಯೇ. ಆ ಕೋಡ್ ಬರೆದವರಲ್ಲಿ ಎಷ್ಟೋ ಮಂದಿ ಬೇರೆ ಕೆಲಸಕ್ಕೆ ಹೋಗಿದ್ದಾರೆ. ಅವರು ಬಿಟ್ಟುಹೋದ ಫೈಲನ್ನು ತೆರೆದವರಿಗೆ ಮೊದಲು ಸಿಗುವುದು ಆ ಡಿಕ್ಲರೇಶನ್‌ಗಳೇ. ಲಾಟ್ ಕ್ಲಾಸಿನ ಮೊದಲ ಹತ್ತು ಸಾಲು ಓದಿ, ಲಾಟ್ ಅಂದರೆ ಏನು, ಅದರಲ್ಲಿ ಏನು ಬದಲಾಗುತ್ತದೆ, ಏನು ಬದಲಾಗಬಾರದು ಎಂದು ಹೇಳಲು ಸಾಧ್ಯವಾದರೆ ಉಳಿದ ಮೆಥಡ್‌ಗಳನ್ನು ಧೈರ್ಯದಿಂದ ತಿದ್ದಬಹುದು.

ಹಳೆಯ ಪ್ರಾಜೆಕ್ಟ್ ನಿನ್ನ ಕೈಗೆ ಬಂದು, ಸರ್ವರನ್ನು 8.2ಕ್ಕೋ ಅದಕ್ಕೂ ಮೇಲಕ್ಕೋ ಏರಿಸಿದ ದಿನ ಲಾಗ್ ತುಂಬ ಡೆಪ್ರಿಕೇಟೆಡ್ ಸೂಚನೆಗಳು ಸುರಿಯುತ್ತವೆ. ಎರರ್ ರಿಪೋರ್ಟಿಂಗ್ ತಗ್ಗಿಸಿ ಅವನ್ನು ಮುಚ್ಚಿಬಿಡು ಎಂದು ಹೇಳುವವರು ಸಿಗುತ್ತಾರೆ. ಪ್ರತಿ ಕ್ಲಾಸಿನ ನೆತ್ತಿಗೂ ‘ಅಲೌ ಡೈನಾಮಿಕ್ ಪ್ರಾಪರ್ಟೀಸ್’ ಎಂಬ ಆಟ್ರಿಬ್ಯೂಟ್ ಅಂಟಿಸು ಎನ್ನುವವರೂ ಇರುತ್ತಾರೆ. ವರ್ಡ್‌ಪ್ರೆಸ್ ತನ್ನ ಕ್ಲಾಸುಗಳಿಗೆ ಅದನ್ನು ಹಾಕಿದ್ದು ಹೊರಗಿನವರ ಪ್ಲಗಿನ್‌ಗಳು ಒಡೆಯಬಾರದೆಂದು. ನಿನ್ನ ಸ್ವಂತ ಕ್ಲಾಸಿಗೆ ಆ ಕಾರಣ ಇಲ್ಲ. ಒಂದೊಂದೇ ಸೂಚನೆ ಓದು, ಆ ಹೆಸರು ನಿಜವಾಗಿ ಬೇಕಾದದ್ದೋ ಕೈತಪ್ಪಿ ಬಂದದ್ದೋ ನೋಡು. ಬೇಕಾದದ್ದಾದರೆ ಟೈಪ್ ಸಹಿತ ಮೇಲೆ ಡಿಕ್ಲೇರ್ ಮಾಡು, ತಪ್ಪಾದರೆ ತಿದ್ದು. ನಿಧಾನವಾದರೂ ಸರಿ, ಒಂದನ್ನೂ ಬಿಡಬೇಡ, ಮಗು.